ಸತ್ಯವೇದವನ್ನು ಎಲ್ಲಿಂದ ಓದತೊಡಗಬೇಕು: ಹೊಸ ಓದುಗರಿಗೆ ಓದಿನ ಕ್ರಮಗಳ ಹೋಲಿಕೆ

ನಮ್ಮ ಮನೆಯ ಹಳೆಯ ಸತ್ಯವೇದವನ್ನು, ಅಂದರೆ ಕನ್ನಡ ಬೈಬಲನ್ನು, ಮುಚ್ಚಿ ಹಿಡಿದು ಹಾಳೆಗಳ ಅಂಚನ್ನು ನೋಡಿದರೆ, ಎರಡು ತಲೆಮಾರಿನವರು ಅದನ್ನು ಎಲ್ಲೆಲ್ಲಿ ಓದಿದರು, ಎಲ್ಲಿ ಕೈಬಿಟ್ಟರು ಎಂಬುದು ಪುಸ್ತಕವನ್ನು ತೆರೆಯದೆಯೇ ತಿಳಿಯುತ್ತದೆ. ಆರಂಭದ ತೆಳುವಾದ ಒಂದು ಪಟ್ಟಿ ಬೆರಳಿನ ಜಿಡ್ಡಿಗೆ ಕಂದು ಬಣ್ಣಕ್ಕೆ ತಿರುಗಿದೆ. ಅದರಾಚೆ, ಅಂಗಡಿಯಿಂದ ತಂದ ದಿನದ ಬಿಳುಪು ಹಾಗೆಯೇ ಉಳಿದಿದೆ. ನಡುವೆ ಕೀರ್ತನೆಗಳಿರುವಲ್ಲಿ ಕಂದು ಮತ್ತೆ ಗಾಢವಾಗುತ್ತದೆ, ಪ್ರವಾದಿಗಳ ಭಾಗದಲ್ಲಿ ಪುನಃ ಬಿಳುಪು, ಯೇಸುವಿನ ಜೀವನವನ್ನು ಹೇಳುವ ನಾಲ್ಕು ಸುವಾರ್ತೆಗಳ ಬಳಿ ಹಾಳೆಯ ಮೂಲೆಗಳೇ ಸವೆದಿವೆ. ಮೊದಲ ಪಟ್ಟಿ ಮುಗಿಯುವ ಜಾಗದಲ್ಲಿ ಬೆರಳಿಟ್ಟು ತೆರೆದಾಗ ಸಿಕ್ಕಿದ್ದು ಎರಡನೆಯ ಪುಸ್ತಕವಾದ ವಿಮೋಚನಕಾಂಡದ 26ನೆಯ ಅಧ್ಯಾಯ. ಕ್ರೈಸ್ತ ಧರ್ಮಗ್ರಂಥವನ್ನು ಮೊದಲ ಬಾರಿ ಓದಹೊರಟ ಅನೇಕರು ನಿಲ್ಲುವುದು ಅದರ ಆಸುಪಾಸಿನಲ್ಲಿಯೇ.

ಆದುದರಿಂದ ಓದಿನ ಕ್ರಮವನ್ನು ಆರಿಸುವಾಗ ಯಾವ ಕ್ರಮ ಹೆಚ್ಚು ಶಾಸ್ತ್ರೀಯ, ಯಾವುದು ಹೆಚ್ಚು ಭಕ್ತಿಯುತ ಎಂದು ಕೇಳುವುದಕ್ಕಿಂತ, ಈ ಕ್ರಮದಲ್ಲಿ ಹೊರಟವನು ಎಲ್ಲಿ ನಿಲ್ಲುವ ಸಂಭವವಿದೆ ಮತ್ತು ಅಲ್ಲಿ ನಿಂತರೂ ಅಷ್ಟರೊಳಗೆ ಅವನಿಗೆ ದಕ್ಕಿರುವುದೇನು ಎಂದು ಕೇಳುವುದು ಉಪಯುಕ್ತ. ಈ ಬರಹದಲ್ಲಿ ಐದಾರು ಕ್ರಮಗಳನ್ನು ಈ ಒಂದೇ ಪ್ರಶ್ನೆಯಿಂದ ತೂಗಿ ನೋಡಿದ್ದೇನೆ. ವಿಶ್ವಾಸಿಯಾಗಿ ಓದುವವರಿಗೂ ಸಾಹಿತ್ಯ ಅಥವಾ ಇತಿಹಾಸದ ಕುತೂಹಲದಿಂದ ಓದುವವರಿಗೂ ಇದು ಅನ್ವಯಿಸುತ್ತದೆ, ಏಕೆಂದರೆ 26ನೆಯ ಅಧ್ಯಾಯ ಇಬ್ಬರಿಗೂ ಒಂದೇ.

ಮೊದಲು ಪುಸ್ತಕದ ಜೋಡಣೆಯ ಬಗ್ಗೆ

ಬೈಬಲ್ ಒಂದು ಪುಸ್ತಕವಲ್ಲ, ಒಂದೇ ರಟ್ಟಿನೊಳಗಿನ ಪುಸ್ತಕಗಳ ಕಪಾಟು. ಪ್ರೊಟೆಸ್ಟೆಂಟ್ ಸಭೆಗಳ ಬೈಬಲಿನಲ್ಲಿ ಹಳೆಯ ಒಡಂಬಡಿಕೆಯ 39 ಮತ್ತು ಹೊಸ ಒಡಂಬಡಿಕೆಯ 27, ಒಟ್ಟು 66 ಪುಸ್ತಕಗಳಿವೆ. ಕಥೋಲಿಕ ಬೈಬಲಿನಲ್ಲಿ ತೋಬಿತ, ಯೂದಿತ, ಮಕ್ಕಬಿಯರ ಎರಡು ಪುಸ್ತಕಗಳು ಮೊದಲಾದ ಏಳು ಹೆಚ್ಚು ಸೇರಿ 73 ಆಗುತ್ತವೆ. ಈ ಪುಸ್ತಕಗಳನ್ನು ಕಾಲಾನುಕ್ರಮದಲ್ಲಿ ಇರಿಸಿಲ್ಲ, ಬಗೆಗೆ ತಕ್ಕಂತೆ ಇರಿಸಿದ್ದಾರೆ: ಹಳೆಯ ಒಡಂಬಡಿಕೆಯಲ್ಲಿ ಮೊದಲು ಧರ್ಮಶಾಸ್ತ್ರದ ಐದು ಕಾಂಡಗಳು, ಅನಂತರ ಇತಿಹಾಸ, ಆಮೇಲೆ ಕಾವ್ಯ ಮತ್ತು ಜ್ಞಾನಸಾಹಿತ್ಯ, ಕೊನೆಯಲ್ಲಿ ಪ್ರವಾದಿಗಳು. ಪ್ರವಾದಿ ಆಮೋಸನು ಉತ್ತರದ ಇಸ್ರಾಯೇಲ್ ರಾಜ್ಯ ಕ್ರಿ.ಪೂ. 722ರಲ್ಲಿ ಬೀಳುವುದಕ್ಕೂ ಹಿಂದೆ ಮಾತಾಡಿದವನು. ಆದರೂ ಪುಸ್ತಕದಲ್ಲಿ ಅವನು ಬರುವುದು, ಶತಮಾನಕ್ಕೂ ಹೆಚ್ಚು ಕಾಲ ಅನಂತರ ಬಾಬೆಲಿನಲ್ಲಿ ಸೆರೆಯಲ್ಲಿದ್ದ ಯೆಹೆಜ್ಕೇಲನಾದ ಮೇಲೆ. ಹೊಸ ಒಡಂಬಡಿಕೆಯಲ್ಲಿ, ಆರಂಭದ ಕ್ರೈಸ್ತ ಬೋಧಕನಾದ ಪೌಲನ ಪತ್ರಿಕೆಗಳ ಜೋಡಣೆ ಇನ್ನೂ ವಿಚಿತ್ರ: ಸಭೆಗಳಿಗೆ ಬರೆದವು ಮೊದಲು, ವ್ಯಕ್ತಿಗಳಿಗೆ ಬರೆದವು ಆಮೇಲೆ, ಒಂದೊಂದು ಗುಂಪಿನೊಳಗೂ ಹೆಚ್ಚುಕಡಿಮೆ ಉದ್ದನೆಯದರಿಂದ ಗಿಡ್ಡನೆಯದಕ್ಕೆ. ರೋಮಾಪುರದವರಿಗೆ ಬರೆದ ಪತ್ರಿಕೆ ಮೊದಲನೆಯದಾಗಿರುವುದು ಅದು ಹಳೆಯದೆಂದಲ್ಲ, ಉದ್ದವಾಗಿದೆಯೆಂದು. ಯೆಹೂದ್ಯರು ಇದೇ ಹಳೆಯ ಪುಸ್ತಕಗಳನ್ನು ಬೇರೊಂದು ಸಾಲಿನಲ್ಲಿ ಇರಿಸುತ್ತಾರೆ. ಅವರ ಸಾಲು ಪೂರ್ವಕಾಲವೃತ್ತಾಂತದಿಂದ ಮುಗಿಯುತ್ತದೆ, ಕ್ರೈಸ್ತರದು ಮಲಾಕಿಯನಿಂದ. ಇಷ್ಟನ್ನು ಹೇಳಿದ್ದರ ಉದ್ದೇಶವೇನೆಂದರೆ, ಮೊದಲ ಪುಟದಿಂದ ಓದದಿದ್ದರೆ ಏನೋ ಅಪಚಾರವಾಗುತ್ತದೆ ಎಂಬ ಅಳುಕನ್ನು ಬಿಡಬಹುದು.

ಕನ್ನಡ ಓದುಗರಿಗೆ ಹೆಸರುಗಳ ತೊಡಕೂ ಇದೆ. ಪ್ರೊಟೆಸ್ಟೆಂಟರು ಬಳಸುವ ಸತ್ಯವೇದದಲ್ಲಿ ‘ಯೆಹೋವ’ ಎಂದಿರುವಲ್ಲಿ ಕಥೋಲಿಕರು ಬಳಸುವ ಅನುವಾದದಲ್ಲಿ ‘ಸರ್ವೇಶ್ವರ’ ಎಂದಿರುತ್ತದೆ. ಒಂದು ಕಡೆ ‘ಸುವಾರ್ತೆ’ಯಾದುದು ಇನ್ನೊಂದು ಕಡೆ ‘ಶುಭಸಂದೇಶ’, ‘ಸಾಮ್ಯ’ವಾದುದು ‘ಸಾಮತಿ’, ‘ಅಪೊಸ್ತಲರ ಕೃತ್ಯಗಳು’ ಎಂಬುದು ‘ಪ್ರೇಷಿತರ ಕಾರ್ಯಕಲಾಪಗಳು’. ಕ್ರಮವನ್ನು ಯಾರಾದರೂ ಹೇಳಿಕೊಟ್ಟಾಗ ನಿಮ್ಮ ಕೈಯಲ್ಲಿರುವ ಪ್ರತಿಯ ವಿಷಯಸೂಚಿಯೊಂದಿಗೆ ಅದನ್ನು ಒಮ್ಮೆ ಹೊಂದಿಸಿಕೊಂಡರೆ ಆಮೇಲಿನ ಗೊಂದಲ ತಪ್ಪುತ್ತದೆ. ಹಳೆಯ ಸತ್ಯವೇದದ ‘ಮಾಡುವದು’, ‘ಹೋಗುವದು’ ಎಂಬ ರೂಪಗಳ ಭಾಷೆ ಗಟ್ಟಿಯಾಗಿದೆ, ಓದಿದರೆ ಕಿವಿಗೆ ಇಂಪಾಗಿದೆ, ಆದರೆ ಮೊದಲ ಓದಿಗೆ ಅದು ತಡೆಯಾಗುವುದಾದರೆ ಸರಳ ಕನ್ನಡದ ಅನುವಾದವನ್ನು ಹಿಡಿಯಲು ಸಂಕೋಚ ಬೇಡ.

ಮೊದಲ ಪುಟದಿಂದ ಕೊನೆಯ ಪುಟಕ್ಕೆ

ಇದರ ಆಕರ್ಷಣೆ ಸಹಜ. ಯಾವ ಪುಸ್ತಕವನ್ನಾದರೂ ನಾವು ಹಾಗೆಯೇ ಓದುತ್ತೇವೆ, ಪಟ್ಟಿ ಬೇಕಿಲ್ಲ, ಗುರುತಿಗೆ ಒಂದು ದಾರ ಸಾಕು. ಮೊದಲ ಹದಿನೇಳು ದಿನ ಈ ಕ್ರಮ ಯಾರನ್ನೂ ನಿರಾಶೆಗೊಳಿಸುವುದಿಲ್ಲ. ದಿನಕ್ಕೆ ಮೂರು ಅಧ್ಯಾಯಗಳಂತೆ ಓದಿದರೆ ಆದಿಕಾಂಡದ 50 ಅಧ್ಯಾಯಗಳು ಅಷ್ಟರೊಳಗೆ ಮುಗಿಯುತ್ತವೆ, ಮತ್ತು ಅಣ್ಣಂದಿರು ಮಾರಿದ ಯೋಸೇಫನು ಐಗುಪ್ತದಲ್ಲಿ ಅವರನ್ನು ಗುರುತಿಸಿಯೂ ಗುರುತಿಸದವನಂತೆ ಮಾತಾಡಿ, ಕೊನೆಗೆ ತಡೆಯಲಾರದೆ ಎಲ್ಲರನ್ನೂ ಹೊರಗೆ ಕಳುಹಿಸಿ ಅಳುವ ಭಾಗ ಯಾವ ಭಾಷೆಯ ಕಥನಕ್ಕೂ ಹೆಗಲೆಣೆಯಾಗಿ ನಿಲ್ಲಬಲ್ಲದು. ವಿಮೋಚನಕಾಂಡದ ಮೊದಲ 20 ಅಧ್ಯಾಯಗಳೂ ಓಡುತ್ತವೆ: ದಾಸತ್ವ, ಹತ್ತು ಬಾಧೆಗಳು, ಸಮುದ್ರ ಸೀಳಿದ್ದು, ಸೀನಾಯಿ ಬೆಟ್ಟದ ಹತ್ತು ಆಜ್ಞೆಗಳು.

ಅಲ್ಲಿಂದ ನೆಲ ಬದಲಾಗುತ್ತದೆ. ಜನವರಿ 1ರಂದು ಹೊರಟವನು ಜನವರಿ 25ರಂದು 25ನೆಯ ಅಧ್ಯಾಯವನ್ನು ತಲಪುತ್ತಾನೆ, ಅಂದರೆ ಆರಾಧನೆಗಾಗಿ ಕಟ್ಟಿದ ದೇವದರ್ಶನದ ಗುಡಾರದ ಅಳತೆಗಳನ್ನು. 26ನೆಯ ಅಧ್ಯಾಯದಲ್ಲಿ ಹತ್ತು ಪರದೆಗಳು, ಒಂದೊಂದೂ 28 ಮೊಳ ಉದ್ದ, 4 ಮೊಳ ಅಗಲ, ಅಂಚಿನಲ್ಲಿ 50 ಕುಣಿಕೆಗಳು, ಅವನ್ನು ಸೇರಿಸಲು 50 ಚಿನ್ನದ ಕೊಂಡಿಗಳು. ಮಗ್ಗದ ಮನೆಯಲ್ಲಿ ಬೆಳೆದವರಿಗೆ ಇದು ರುಚಿಸೀತು. ಉಳಿದವರಿಗೆ ಇದೇ ಅಳತೆಗಳು 36ನೆಯ ಅಧ್ಯಾಯದಲ್ಲಿ, ಕೆಲಸ ನಡೆದ ವರದಿಯಾಗಿ, ಮತ್ತೊಮ್ಮೆ ಬರುತ್ತವೆ. ಜನವರಿ 31ಕ್ಕೆ ಯಾಜಕಕಾಂಡದ ಹೋಮ, ನೈವೇದ್ಯ, ಶುದ್ಧಾಶುದ್ಧಗಳ ನಿಯಮಗಳು ಎದುರಾಗುತ್ತವೆ. ಇವು ಅರ್ಥವಿಲ್ಲದ ಭಾಗಗಳಲ್ಲ. ಬಲಿ, ಯಾಜಕ, ಪರಿಶುದ್ಧತೆ ಎಂಬ ಕಲ್ಪನೆಗಳಿಲ್ಲದೆ ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ ಒಂದು ಪುಟವೂ ತಿಳಿಯುವುದಿಲ್ಲ. ಆದರೆ ಅವು ಉತ್ತರವಾಗಿರುವ ಪ್ರಶ್ನೆಗಳು ಹೊಸ ಓದುಗನಲ್ಲಿ ಇನ್ನೂ ಹುಟ್ಟಿರುವುದಿಲ್ಲ.

ಇದನ್ನೂ ದಾಟಿ ಛಲ ಬಿಡದೆ ನಡೆದವನ ಲೆಕ್ಕ ನೋಡೋಣ. ಪ್ರೊಟೆಸ್ಟೆಂಟ್ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ 929 ಅಧ್ಯಾಯಗಳಿವೆ, ಹೊಸದರಲ್ಲಿ 260. ದಿನಕ್ಕೆ ಮೂರರಂತೆ ಅವನು ಹೊಸದರ ಮೊದಲ ಪುಸ್ತಕವಾದ ಮತ್ತಾಯನ ಮೊದಲ ಅಧ್ಯಾಯವನ್ನು ತೆರೆಯುವುದು ನವೆಂಬರ್ 6ರಂದು, ಮುಗಿಸುವುದು ಮರುವರ್ಷದ ಫೆಬ್ರವರಿ 1ರಂದು. ಕ್ರಿಸ್ತನ ಬಗ್ಗೆ ತಿಳಿಯಬೇಕೆಂದು ಬೈಬಲ್ ಹಿಡಿದವನು ಕ್ರಿಸ್ತನ ಹೆಸರಿರುವ ಪುಟಕ್ಕಾಗಿ ಹತ್ತು ತಿಂಗಳು ಕಾಯಬೇಕು ಎಂದಾಯಿತು. ಜನವರಿಯಲ್ಲಿಯೇ ನಿಂತವನಿಗೆ ಎರಡು ಒಳ್ಳೆಯ ಕಥನಗಳು ದಕ್ಕಿರುತ್ತವೆ, ಜೊತೆಗೆ ಇದು ತನ್ನಿಂದಾಗದ ಕೆಲಸ ಎಂಬ ಭಾವನೆ. ಆ ಭಾವನೆಯೇ ಈ ಕ್ರಮದ ದೊಡ್ಡ ನಷ್ಟ.

ಒಂದು ಉಪಮಾತು: ನಮ್ಮ ಅನುವಾದಕರು ನಾಲ್ಕನೆಯ ಪುಸ್ತಕಕ್ಕೆ ‘ಅರಣ್ಯಕಾಂಡ’ ಎಂದು ಹೆಸರಿಟ್ಟಿದ್ದಾರೆ. ರಾಮಾಯಣ ಬಲ್ಲ ಓದುಗನು ಆ ಹೆಸರನ್ನು ಕಂಡು ಒಂದು ಕ್ಷಣ ನಿಂತೇ ನಿಲ್ಲುತ್ತಾನೆ. ಗ್ರೀಕ್ ಅನುವಾದದಲ್ಲಿ ಮತ್ತು ಅದನ್ನು ಅನುಸರಿಸಿದ ಇಂಗ್ಲಿಷಿನಲ್ಲಿ ಈ ಪುಸ್ತಕದ ಹೆಸರು ‘ಎಣಿಕೆಗಳು’ ಎಂಬರ್ಥದ್ದು, ಏಕೆಂದರೆ ಅದು ಜನಗಣತಿಯಿಂದ ತೊಡಗುತ್ತದೆ. ಹೀಬ್ರೂ ಹೆಸರಿನ ಅರ್ಥ ಮಾತ್ರ ‘ಅರಣ್ಯದಲ್ಲಿ’. ಕನ್ನಡದ ಹೆಸರು ಇಂಗ್ಲಿಷಿಗಿಂತ ಮೂಲಕ್ಕೆ ಹತ್ತಿರವಾಗಿದೆ.

ಸುವಾರ್ತೆಯಿಂದ ಆರಂಭ, ಆದರೆ ಯಾವುದರಿಂದ?

ಸಭೆಯ ಹಿರಿಯರನ್ನು ಕೇಳಿದರೆ ಹೆಚ್ಚಿನವರು ಸುವಾರ್ತೆಯಿಂದ ತೊಡಗಲು ಹೇಳುತ್ತಾರೆ, ಮತ್ತು ಅದು ಸರಿಯಾದ ಸಲಹೆ. ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ವರದರಲ್ಲಿ ಯಾವ ಸುವಾರ್ತೆ ಎಂಬಲ್ಲಿ ಮಾತ್ರ ಅಭಿಪ್ರಾಯಗಳು ಕವಲೊಡೆಯುತ್ತವೆ.

ಬಹಳ ಮಂದಿ ಯೋಹಾನನನ್ನು ಸೂಚಿಸುತ್ತಾರೆ. ಬಿಡಿಯಾಗಿ ಹಂಚುವ ಕಿರುಪುಸ್ತಕಗಳಲ್ಲಿಯೂ ಯೋಹಾನನ ಸುವಾರ್ತೆ ಆಗಾಗ ಕಾಣಸಿಗುತ್ತದೆ. ಅವನ ಪದಗಳು ಸರಳ: ಬೆಳಕು, ನೀರು, ರೊಟ್ಟಿ, ದ್ರಾಕ್ಷಿಬಳ್ಳಿ. ಅರ್ಥ ಹಾಗಲ್ಲ. ಮೊದಲ ವಚನದಲ್ಲಿಯೇ ‘ಆದಿಯಲ್ಲಿ ವಾಕ್ಯವಿತ್ತು’ ಎಂದಿದೆ. ಸಭೆಯಲ್ಲಿ ಬೆಳೆದವನಿಗೆ ‘ವಾಕ್ಯ’ ಎಂದರೆ ದೇವರ ಮಾತು, ಅವನಿಗೆ ತೊಡಕಿಲ್ಲ. ಹೊರಗಿನಿಂದ ಬಂದ ಕನ್ನಡಿಗನಿಗೆ ವಾಕ್ಯವೆಂದರೆ ಶಾಲೆಯ ವ್ಯಾಕರಣದ ವಾಕ್ಯ, ಕರ್ತೃ ಕರ್ಮ ಕ್ರಿಯಾಪದ. ಆ ಪದದ ಹಿಂದೆ ‘ಲೋಗೋಸ್’ ಎಂಬ ಗ್ರೀಕ್ ಶಬ್ದವೂ, ದೇವರು ಮಾತಿನಿಂದಲೇ ಲೋಕವನ್ನು ಉಂಟುಮಾಡಿದ ಆದಿಕಾಂಡದ ಮೊದಲ ಅಧ್ಯಾಯವೂ ಇವೆ ಎಂದು ಯಾರಾದರೂ ಹೇಳಿಕೊಡದೆ ಅದು ತಿಳಿಯುವಂಥದ್ದಲ್ಲ. ಜೊತೆಯಲ್ಲಿ ಕುಳಿತು ಓದಿಸುವವರಿದ್ದರೆ ಯೋಹಾನನು ಅದ್ಭುತ, ಒಬ್ಬಂಟಿ ಓದುಗನಿಗೆ ಮೊದಲ ಪುಸ್ತಕವಲ್ಲ.

ಮತ್ತಾಯನು ವಂಶಾವಳಿಯಿಂದ ತೊಡಗುತ್ತಾನೆ. ಅಬ್ರಹಾಮನಿಂದ ಯೇಸುವಿನವರೆಗೆ ಹದಿನಾಲ್ಕು ಹದಿನಾಲ್ಕು ತಲೆಗಳ ಮೂರು ಕಂತುಗಳು. ಅದರಲ್ಲಿ ತಾಮಾರ, ರಾಹಾಬ, ರೂತ್, ಊರೀಯನ ಹೆಂಡತಿ ಎಂಬ ನಾಲ್ವರು ಹೆಂಗಸರ ಪ್ರಸ್ತಾಪ ನುಸುಳಿರುವುದು ಹಳೆಯ ಒಡಂಬಡಿಕೆಯನ್ನು ಬಲ್ಲವನಿಗೆ ಮೈ ನವಿರೇಳಿಸುವ ಸಂಗತಿ, ಏಕೆಂದರೆ ಆ ನಾಲ್ವರ ಕಥೆಯೂ ವಂಶದ ಹೆಮ್ಮೆ ಕೊಚ್ಚಿಕೊಳ್ಳುವವರು ಸಾಮಾನ್ಯವಾಗಿ ಮುಚ್ಚಿಡುವಂಥದ್ದು. ಅರಿಯದವನಿಗೆ ಅದು ಹೆಸರುಗಳ ಸಾಲು ಅಷ್ಟೇ. ಪ್ರವಾದಿಗಳು ಹೇಳಿದ್ದು ನೆರವೇರಿತು ಎಂದು ಮತ್ತಾಯನು ಮತ್ತೆ ಮತ್ತೆ ಹೇಳುವಾಗಲೂ ಇದೇ ಕಷ್ಟ. ಪರ್ವತ ಪ್ರಸಂಗವನ್ನು, ಅಂದರೆ 5ರಿಂದ 7ನೆಯ ಅಧ್ಯಾಯಗಳನ್ನು, ಮಾತ್ರ ಬಿಡಿಯಾಗಿ ಯಾವಾಗ ಬೇಕಾದರೂ ಓದಬಹುದು.

ನನ್ನ ಒಲವು ಮಾರ್ಕನ ಕಡೆಗೆ. ನಾಲ್ಕರಲ್ಲಿ ಚಿಕ್ಕದು, 16 ಅಧ್ಯಾಯಗಳು, ಒಂದು ಸಂಜೆ ಮನಸ್ಸು ಮಾಡಿದರೆ ಒಂದೇ ಸಲ ಕುಳಿತು ಮುಗಿಸಬಹುದು. ನಾಲ್ಕರಲ್ಲಿ ಇದೇ ಮೊದಲು ಬರೆದದ್ದು, ಸುಮಾರು ಕ್ರಿ.ಶ. 70ರ ಆಸುಪಾಸಿನದು ಎಂಬುದು ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. ವಂಶಾವಳಿಯಿಲ್ಲ, ಜನನದ ಕಥೆಯಿಲ್ಲ, ‘ಕೂಡಲೆ’, ‘ಕೂಡಲೆ’ ಎನ್ನುತ್ತಾ ಕಥೆ ಓಡುತ್ತದೆ. ಓಡುವ ಕಥೆಯನ್ನು ಮಾರ್ಕನು ಎಲ್ಲಿ ತಡೆದು ನಿಲ್ಲಿಸುತ್ತಾನೆ ಎಂಬುದನ್ನು 5ನೆಯ ಅಧ್ಯಾಯದಲ್ಲಿ ನೋಡಬೇಕು. ಸಭಾಮಂದಿರದ ಅಧಿಕಾರಿ ಯಾಯೀರನು ತನ್ನ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ, ಬೇಗ ಬರಬೇಕು ಎಂದು ಕಾಲಿಗೆ ಬೀಳುತ್ತಾನೆ. ಯೇಸು ಹೊರಡುತ್ತಾನೆ, ಜನ ನೂಕಾಡುತ್ತಾರೆ. ಆ ನೂಕುನುಗ್ಗಲಿನಲ್ಲಿ ಹನ್ನೆರಡು ವರ್ಷಗಳಿಂದ ರಕ್ತಸ್ರಾವದಿಂದ ನರಳುತ್ತಾ, ವೈದ್ಯರಿಗೆ ಇದ್ದುದನ್ನೆಲ್ಲ ತೆತ್ತು ಇನ್ನಷ್ಟು ಕೆಟ್ಟಿದ್ದ ಒಬ್ಬ ಹೆಂಗಸು ಹಿಂದಿನಿಂದ ಅವನ ಉಡುಪನ್ನು ಮುಟ್ಟುತ್ತಾಳೆ. ಯೇಸು ನಿಂತುಬಿಡುತ್ತಾನೆ, ಮುಟ್ಟಿದವರು ಯಾರೆಂದು ಸುತ್ತ ನೋಡುತ್ತಾನೆ. ತುರ್ತಿನಲ್ಲಿರುವ ತಂದೆಯ ಮನಸ್ಸನ್ನು ಮಾರ್ಕನು ಒಂದು ಮಾತಿನಲ್ಲಿಯೂ ವರ್ಣಿಸುವುದಿಲ್ಲ. ಆಕೆ ನಡುಗುತ್ತಾ ಎಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ ಮನೆಯಿಂದ ಆಳುಗಳು ಬಂದು, ಮಗಳು ತೀರಿಹೋದಳು, ಇನ್ನೇಕೆ ಬೋಧಕನಿಗೆ ತೊಂದರೆ ಎನ್ನುತ್ತಾರೆ. ಮುಂದೆ ಯೇಸು ಆ ಹುಡುಗಿಯ ಕೈಹಿಡಿದು ‘ತಲಿಥಾ ಕೂಮ್’ ಎಂದು ಎಬ್ಬಿಸುತ್ತಾನೆ. ಅರಮಾಯ ಭಾಷೆಯ ಆ ಎರಡು ಪದಗಳನ್ನು ಗ್ರೀಕಿನಲ್ಲಿ ಬರೆಯುತ್ತಿದ್ದ ಮಾರ್ಕನು ಹಾಗೆಯೇ ಉಳಿಸಿದ್ದಾನೆ, ಕನ್ನಡದಲ್ಲಿಯೂ ಅವು ಹಾಗೆಯೇ ಇವೆ. ಹುಡುಗಿಯ ವಯಸ್ಸು ಹನ್ನೆರಡು ಎಂದು ಆಗ ಹೇಳುತ್ತಾನೆ, ಆಕೆಗೆ ಊಟ ಕೊಡಿರಿ ಎಂಬ ಮಾತಿನೊಂದಿಗೆ ಅಧ್ಯಾಯ ಮುಗಿಯುತ್ತದೆ. ಇದನ್ನು ತಿಳಿಯಲು ಯಾವ ಪೂರ್ವಜ್ಞಾನವೂ ಬೇಕಿಲ್ಲ.

ಇಲ್ಲಿ ನಿಲ್ಲುವ ಜಾಗ ಯಾವುದು? ದಿನಕ್ಕೊಂದು ಅಧ್ಯಾಯದಂತೆ ಓದಿದವನು ನಿಂತರೆ ಹದಿನಾರನೆಯ ದಿನ ನಿಲ್ಲಬೇಕು, ಅಷ್ಟರಲ್ಲಿ ಯೇಸುವಿನ ಇಡೀ ಕಥೆ ಒಮ್ಮೆ ಕೈಗೆ ಬಂದಿರುತ್ತದೆ. ಕೊನೆಯ ಅಧ್ಯಾಯದಲ್ಲಿ ಒಂದು ಸಣ್ಣ ಎಚ್ಚರಿಕೆ ಬೇಕು: ಅತಿ ಹಳೆಯ ಹಸ್ತಪ್ರತಿಗಳಲ್ಲಿ ಮಾರ್ಕನ ಸುವಾರ್ತೆ 16ನೆಯ ಅಧ್ಯಾಯದ 8ನೆಯ ವಚನಕ್ಕೆ, ಸಮಾಧಿಯಿಂದ ಹೆಂಗಸರು ಹೆದರಿ ಓಡಿಹೋದಲ್ಲಿಗೆ, ನಿಂತುಬಿಡುತ್ತದೆ. 9ರಿಂದ 20ರವರೆಗಿನ ವಚನಗಳು ಅವುಗಳಲ್ಲಿಲ್ಲ.

ಲೂಕನಿಗೆ ಮೊದಲ ಸ್ಥಾನ ಕೊಡುವವರನ್ನು ನಾನು ತಡೆಯುವುದಿಲ್ಲ. ನೆರೆಯವನಾದ ಸಮಾರ್ಯದವನ ಸಾಮ್ಯವೂ ತಪ್ಪಿಹೋದ ಮಗನ ಸಾಮ್ಯವೂ ಅವನಲ್ಲಿ ಮಾತ್ರ ಇವೆ, ಮತ್ತು ನಾಲ್ವರಲ್ಲಿ ಕಥೆಯನ್ನು ಯೇಸುವಿನ ಅನಂತರದ ಕಾಲಕ್ಕೂ ಮುಂದುವರಿಸಿದವನು ಅವನೊಬ್ಬನೇ. ಥೆಯೊಫಿಲನೆಂಬವನನ್ನು ಸಂಬೋಧಿಸಿ ಸುವಾರ್ತೆಯನ್ನು ಬರೆದವನು ಅದೇ ಹೆಸರನ್ನು ಕರೆದು ಅಪೊಸ್ತಲರ ಕೃತ್ಯಗಳನ್ನು ತೊಡಗುತ್ತಾನೆ. ಮುದ್ರಿತ ಕ್ರಮದಲ್ಲಿ ಇವೆರಡರ ನಡುವೆ ಯೋಹಾನನು ಬಂದಿರುವುದರಿಂದ ಈ ಬೆಸುಗೆ ಕಣ್ಣಿಗೆ ಬೀಳುವುದಿಲ್ಲ. ಓದುವಾಗಲಾದರೂ ಇವನ್ನು ಒಂದರ ಹಿಂದೆ ಒಂದಾಗಿ ಓದಬೇಕು.

ಕಾಲಾನುಕ್ರಮ

ಘಟನೆಗಳು ನಡೆದ ಕ್ರಮದಲ್ಲಿ ಅಧ್ಯಾಯಗಳನ್ನು ಕಲಸಿ ಜೋಡಿಸಿದ ಪಟ್ಟಿಗಳು ಆ್ಯಪ್‌ಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಒಮ್ಮೆ ಪೂರ್ತಿ ಓದಿದವರಿಗೆ ಇದರಷ್ಟು ಬೆಳಕು ನೀಡುವ ಕ್ರಮ ಬೇರೆಯಿಲ್ಲ. ಅರಸ ದಾವೀದನು ಬತ್ಷೆಬೆಯ ವಿಷಯದಲ್ಲಿ ಮಾಡಿದ ಪಾಪವನ್ನು ಪ್ರವಾದಿ ನಾತಾನನು ಎತ್ತಿ ತೋರಿಸಿದ ಅಧ್ಯಾಯವನ್ನು ಓದಿದ ಬೆನ್ನಿಗೇ 51ನೆಯ ಕೀರ್ತನೆಯನ್ನು ಓದಿದರೆ, ಅದರ ಮೇಲ್ಬರಹ ಆ ಪ್ರಸಂಗವನ್ನೇ ಏಕೆ ಹೆಸರಿಸುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಕ್ರಿ.ಪೂ. 701ರಲ್ಲಿ ಅಶ್ಶೂರದ ಅರಸ ಸನ್ಹೇರೀಬನು ಅರಸ ಹಿಜ್ಕೀಯನ ಕಾಲದ ಯೆರೂಸಲೇಮಿನ ಮೇಲೆ ಬಂದದ್ದನ್ನು ಅರಸುಗಳ ಎರಡನೆಯ ಪುಸ್ತಕ, ಪೂರ್ವಕಾಲವೃತ್ತಾಂತದ ಎರಡನೆಯ ಪುಸ್ತಕ, ಯೆಶಾಯ ಈ ಮೂರರಲ್ಲೂ ಹೋಲಿಸಿ ನೋಡಬಹುದು.

ಹೊಸಬನಿಗೆ ಮಾತ್ರ ಇದು ಎರಡು ಕಡೆ ಕಾಲಿಗೆ ತೊಡರುತ್ತದೆ. ಅನೇಕ ಪಟ್ಟಿಗಳು ಯೋಬನನ್ನು ಅಬ್ರಹಾಮನ ಕಾಲದವನೆಂದು ಭಾವಿಸಿ ಆದಿಕಾಂಡದ 11ನೆಯ ಅಧ್ಯಾಯದ ಬಳಿ ಸೇರಿಸುತ್ತವೆ. ಅಂದರೆ ಓದು ತೊಡಗಿದ ಮೊದಲ ವಾರದಲ್ಲಿಯೇ, ಅಬ್ರಹಾಮನ ಕಥೆ ಬಿಚ್ಚಿಕೊಳ್ಳುವ ಮುನ್ನ, ದುಃಖ ಮತ್ತು ದೇವರ ನ್ಯಾಯದ ಕುರಿತ 42 ಅಧ್ಯಾಯಗಳ ಗಹನವಾದ ಸಂವಾದ. ಎರಡನೆಯದು ಸುವಾರ್ತೆಗಳಲ್ಲಿ. ಯೇಸು ದೇವಾಲಯದಿಂದ ವ್ಯಾಪಾರಿಗಳನ್ನು ಅಟ್ಟಿದ ಪ್ರಸಂಗವನ್ನು ಯೋಹಾನನು 2ನೆಯ ಅಧ್ಯಾಯದಲ್ಲಿ, ಸೇವೆಯ ಆರಂಭದಲ್ಲಿ ಇಟ್ಟಿದ್ದಾನೆ, ಮಾರ್ಕನು 11ನೆಯದರಲ್ಲಿ, ಮರಣದ ವಾರದಲ್ಲಿ. ಪಟ್ಟಿ ಮಾಡಿದವರು ಒಂದನ್ನು ಸರಿಸಬೇಕು, ಇಲ್ಲವೆ ಎರಡು ಸಲ ನಡೆಯಿತು ಎನ್ನಬೇಕು. ಹೇಗೆ ಮಾಡಿದರೂ ನಾಲ್ವರ ಬೇರೆ ಬೇರೆ ದನಿಗಳು ಕಲಸಿಹೋಗುತ್ತವೆ. ನಾಲ್ವರು ಹಾಡಿದ್ದನ್ನು ಒಬ್ಬರು ಹಾಡಿದಂತೆ ಕೇಳಿಸುವುದು ನನಗೆ ಲಾಭವೆನಿಸಿಲ್ಲ.

ಬರೆದ ಕ್ರಮದಲ್ಲಿ ಓದುವ ಪದ್ಧತಿಯೂ ಇದೆ. ಅದರಂತೆ ಹೊಸ ಒಡಂಬಡಿಕೆ ತೊಡಗುವುದು ಸುವಾರ್ತೆಗಳಿಂದಲ್ಲ, ಪೌಲನ ಪತ್ರಿಕೆಗಳಿಂದ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರಿಕೆಯನ್ನು ಸುಮಾರು ಕ್ರಿ.ಶ. 50ರದ್ದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇತಿಹಾಸದ ವಿದ್ಯಾರ್ಥಿಗೆ ಇದು ಕಣ್ಣು ತೆರೆಸುತ್ತದೆ, ಇತರರಿಗೆ ಪರಿಚಯವಿಲ್ಲದವರ ನಡುವಿನ ಕಾಗದಗಳನ್ನು ಓದಿದಂತಾಗುತ್ತದೆ.

ಒಂದೇ ದಿನ ನಾಲ್ಕು ಕಡೆ

ಸ್ಕಾಟ್ಲೆಂಡಿನ ಡಂಡೀ ನಗರದ ಯುವ ಪಾದ್ರಿ ರಾಬರ್ಟ್ ಮರ್ರಿ ಮ್ಯಾಕ್‌ಚೇನ್ 1842ರಲ್ಲಿ ತನ್ನ ಸಭೆಯವರಿಗಾಗಿ ಒಂದು ಪಟ್ಟಿಯನ್ನು ಸಿದ್ಧಪಡಿಸಿದನು. ದಿನಕ್ಕೆ ಸುಮಾರು ನಾಲ್ಕು ಅಧ್ಯಾಯಗಳು, ಎರಡು ಮನೆಮಂದಿಯೊಂದಿಗೆ, ಎರಡು ಏಕಾಂತದಲ್ಲಿ. ವರ್ಷದ ಮೊದಲ ದಿನ ಆದಿಕಾಂಡ, ಎಜ್ರ, ಮತ್ತಾಯ, ಅಪೊಸ್ತಲರ ಕೃತ್ಯಗಳು ಇವುಗಳ ಒಂದೊಂದನೆಯ ಅಧ್ಯಾಯ. ವರ್ಷದ ಕೊನೆಗೆ ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಬಾರಿ, ಉಳಿದದ್ದು ಒಂದು ಬಾರಿ ಮುಗಿದಿರುತ್ತದೆ. ಒಣ ಭಾಗವೊಂದು ಬಂದ ದಿನ ಇನ್ನೊಂದು ಕಡೆ ಕಥೆಯಿರುತ್ತದೆ ಎಂಬುದು ಇದರ ಜಾಣ್ಮೆ, ಮತ್ತು ಇಂದಿಗೂ ಇದನ್ನು ಬಳಸುವವರಿದ್ದಾರೆ. ಇಲ್ಲಿ ಓದುಗನನ್ನು ನಿಲ್ಲಿಸುವುದು ಪುಸ್ತಕವಲ್ಲ, ಬಾಕಿ. ಮದುವೆಗೋ ಜ್ವರಕ್ಕೋ ಎರಡು ದಿನ ತಪ್ಪಿದರೆ ಎಂಟು ಅಧ್ಯಾಯಗಳ ಸಾಲ ತಲೆಯ ಮೇಲೆ ಕೂರುತ್ತದೆ, ವಾರ ತಪ್ಪಿದರೆ ಇಪ್ಪತ್ತೆಂಟು. ಎಜ್ರನ ಕಾಲ ಯಾವುದು, ಆದಿಕಾಂಡದ ಕಾಲ ಯಾವುದು ಎಂದು ತಿಳಿಯದವನಿಗೆ ಎಲ್ಲ ಹೆಸರುಗಳೂ ಒಂದೇ ಗಂಟಾಗುವುದೂ ಉಂಟು. ಎರಡನೆಯ ಅಥವಾ ಮೂರನೆಯ ಓದಿಗೆ ಇದನ್ನು ಇಟ್ಟುಕೊಳ್ಳುವುದು ಲೇಸು.

ದೇವಾಲಯದ ವಾಚನಗಳ ಕ್ರಮ

ಕಥೋಲಿಕರಿಗೆ ಸಿದ್ಧವಾದ ಕ್ರಮವೊಂದು ಈಗಾಗಲೇ ಇದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ 1969ರಲ್ಲಿ ರೂಪುಗೊಂಡ ವಾಚನಗಳ ಪಟ್ಟಿಯಂತೆ ಭಾನುವಾರದ ಬಲಿಪೂಜೆಯ ಓದುಗಳು ಮೂರು ವರ್ಷಕ್ಕೊಮ್ಮೆ ಸುತ್ತುತ್ತವೆ: ಒಂದು ವರ್ಷ ಮತ್ತಾಯ, ಮುಂದಿನ ವರ್ಷ ಮಾರ್ಕ, ಆಮೇಲೆ ಲೂಕ, ಯೋಹಾನನು ಮುಖ್ಯವಾಗಿ ಪಾಸ್ಕ (ಈಸ್ಟರ್) ಕಾಲದಲ್ಲಿ. ವರ್ಷ ಬದಲಾಗುವುದು ಜನವರಿಯಲ್ಲಲ್ಲ, ಕ್ರಿಸ್‌ಮಸ್‌ಗೆ ಹಿಂದಿನ ನಾಲ್ಕನೆಯ ಭಾನುವಾರ, ಆಗಮನ ಕಾಲದ ಮೊದಲ ದಿನ. ಇಸವಿಯನ್ನು ಮೂರರಿಂದ ಭಾಗಿಸಿದಾಗ ಶೇಷ ಉಳಿಯದಿದ್ದರೆ ಅದು ಲೂಕನ ವರ್ಷ, 2025ರಂತೆ. ಹಾಗಾಗಿ 2026 ಮತ್ತಾಯನದು, 2027 ಮಾರ್ಕನದು. ದಿನದ ಪೂಜೆಗೆ ಹೋಗುವವರು ಇದಕ್ಕಿಂತ ಬೇರೆಯದನ್ನು ಹುಡುಕಬೇಕಾಗಿಲ್ಲ. ಓದಿದ್ದಕ್ಕೆ ಅಂದೇ ಪ್ರಬೋಧನೆಯೂ ಸಿಗುತ್ತದೆ, ಓದು ನಿಲ್ಲುವ ಪ್ರಶ್ನೆಯೇ ಇಲ್ಲ, ಏಕೆಂದರೆ ನೀವು ತಪ್ಪಿಸಿದರೂ ಸಭೆ ಓದುತ್ತಿರುತ್ತದೆ. ಕೊರತೆಯೆಂದರೆ ಹಳೆಯ ಒಡಂಬಡಿಕೆ ತುಣುಕುಗಳಲ್ಲಿ ಬರುತ್ತದೆ. ಎಲೀಯನ ಒಂದು ಪ್ರಸಂಗ ಈ ವಾರ, ಮುಂದಿನ ವಾರ ಯೆಶಾಯನ ಎಂಟು ಸಾಲು. ಮಾವಿನ ಹೋಳನ್ನು ತಿಂದವನಿಗೆ ಮರ ಹೇಗಿರುತ್ತದೆ ಎಂದು ತಿಳಿಯದು. ಆದುದರಿಂದ ಭಾನುವಾರಕ್ಕೆ ಈ ಕ್ರಮ, ವಾರದ ದಿನಗಳಿಗೆ ಒಂದು ಇಡಿಯ ಪುಸ್ತಕ ಎಂದು ಸೇರಿಸಿಕೊಳ್ಳುವುದು ಒಳ್ಳೆಯದು.

ಬೈಬಲಿನ ಕೊನೆಯ ಪುಸ್ತಕವಾದ ‘ಪ್ರಕಟನೆ’ಯಿಂದ ತೊಡಗುವುದನ್ನು ಒಂದು ಕ್ರಮವೆಂದು ಲೆಕ್ಕಿಸಲಾರೆ. ಆದರೆ ಯುಗಾಂತ್ಯದ ವೀಡಿಯೊಗಳನ್ನು ನೋಡಿ ನೇರವಾಗಿ ಕೊನೆಯ ಪುಸ್ತಕವನ್ನು ತೆರೆಯುವವರು ಹೆಚ್ಚುತ್ತಿರುವುದರಿಂದ ಇಷ್ಟು ಹೇಳಬೇಕು: ಆ 22 ಅಧ್ಯಾಯಗಳ ಮೃಗ, ತುತೂರಿ, ಮುದ್ರೆ, ಬಾಧೆಗಳೆಲ್ಲ ವಿಮೋಚನಕಾಂಡ, ಯೆಹೆಜ್ಕೇಲ, ದಾನಿಯೇಲ, ಜೆಕರ್ಯರ ಚಿತ್ರಗಳಿಂದ ಕಟ್ಟಿದವು. ಅವನ್ನು ಓದದವನಿಗೆ ಅದು ಒಗಟು, ಮತ್ತು ಒಗಟನ್ನು ಬಿಡಿಸಿಕೊಡುತ್ತೇವೆ ಎನ್ನುವವರಿಗೆ ಅವನು ಸುಲಭದ ತುತ್ತು.

ನಾನು ಸೂಚಿಸುವ ಕ್ರಮ

ದಿನಕ್ಕೆ ಒಂದು ಅಧ್ಯಾಯ, ಜೊತೆಗೆ ಒಂದು ಕೀರ್ತನೆ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡುವ ಕ್ರಮ ಉದ್ಯೋಗಸ್ಥರ ಮನೆಯಲ್ಲಿ ಬಾಳುವುದಿಲ್ಲ. ಮೊದಲು ಮಾರ್ಕ, 16 ದಿನ. ಅನಂತರ ಆದಿಕಾಂಡ ಪೂರ್ತಿ ಮತ್ತು ವಿಮೋಚನಕಾಂಡದ 20ನೆಯ ಅಧ್ಯಾಯದವರೆಗೆ, 70 ದಿನ. 21ನೆಯ ಅಧ್ಯಾಯದ ಮುಂದೆ ಸಂಕೋಚವಿಲ್ಲದೆ ಗುರುತಿನ ದಾರವನ್ನು ಇಟ್ಟು ನಿಲ್ಲಿಸಬೇಕು, ಅದು ಸೋಲಲ್ಲ. ಅಲ್ಲಿಂದ ಲೂಕ ಮತ್ತು ಅಪೊಸ್ತಲರ ಕೃತ್ಯಗಳು, 24 ಮತ್ತು 28 ಸೇರಿ 52 ದಿನ.

ಮಾರ್ಕನ ಬಳಿಕ ಹಿಂದಕ್ಕೆ ಹೋಗುವುದೇಕೆಂದರೆ, ಮಾರ್ಕನನ್ನು ಮುಗಿಸುವಷ್ಟರಲ್ಲಿ ಪ್ರಶ್ನೆಗಳು ಹುಟ್ಟಿರುತ್ತವೆ. ಪಸ್ಕ ಹಬ್ಬವೆಂದರೇನು, ಮೋಶೆ ಯಾರು, ಒಡಂಬಡಿಕೆ ಎಂದರೇನು? ಅವಕ್ಕೆ ಉತ್ತರ ಆ 70 ಅಧ್ಯಾಯಗಳಲ್ಲಿದೆ. ಕೀರ್ತನೆಗಳನ್ನು ಜೊತೆಗಿಟ್ಟುದಕ್ಕೂ ಕಾರಣವಿದೆ. ಮಾರ್ಕನ 15ನೆಯ ಅಧ್ಯಾಯದಲ್ಲಿ ಶಿಲುಬೆಯ ಮೇಲಿನಿಂದ, ನನ್ನ ದೇವರೇ, ಏಕೆ ನನ್ನನ್ನು ಕೈಬಿಟ್ಟೆ ಎಂಬ ಕೂಗು ಕೇಳಿಸುವುದು ಹದಿನೈದನೆಯ ದಿನ, ಅದೇ ಕೂಗಿನಿಂದ ತೊಡಗುವ 22ನೆಯ ಕೀರ್ತನೆ ಬರುವುದು ಇಪ್ಪತ್ತೆರಡನೆಯ ದಿನ. ಒಂದು ವಾರದ ಹಿಂದೆ ಓದಿದ ಮಾತು ಹಳೆಯ ಹಾಡಿನ ಪಲ್ಲವಿಯಾಗಿತ್ತು ಎಂದು ಓದುಗನು ಯಾರ ಸಹಾಯವೂ ಇಲ್ಲದೆ ಕಂಡುಕೊಳ್ಳುತ್ತಾನೆ. ಹಾಗೆ ತಾನಾಗಿ ಕಂಡುಕೊಂಡ ಒಂದು ಸಂಬಂಧ ಹತ್ತು ಟಿಪ್ಪಣಿಗಳಿಗೆ ಸಮ. 119ನೆಯ ಕೀರ್ತನೆ ಮಾತ್ರ 176 ವಚನಗಳದ್ದು, ಆ ದಿನ ಬೇರೇನನ್ನೂ ಓದದೆ ಅದನ್ನೊಂದನ್ನೇ ಓದಿ, ತಪ್ಪಿದ ಅಧ್ಯಾಯವನ್ನು ಎರಡು ದಿನ ಮೊದಲಿನ 117ನೆಯ ಕೀರ್ತನೆಯೊಂದಿಗೆ ಮುಂಚಿತವಾಗಿ ಓದಿಕೊಂಡಿರಬಹುದು. ಅದಕ್ಕೆ ಎರಡೇ ವಚನಗಳಿವೆ.

ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದಲ್ಲಿ ಐಥಿಯೋಪ್ಯದ ಒಬ್ಬ ಅಧಿಕಾರಿ ರಥದಲ್ಲಿ ಕುಳಿತು ಯೆಶಾಯನನ್ನು ಗಟ್ಟಿಯಾಗಿ ಓದುತ್ತಿರುತ್ತಾನೆ. ಓದಿದ್ದು ತಿಳಿಯುತ್ತಿದೆಯೇ ಎಂದು ಫಿಲಿಪ್ಪನು ಕೇಳಿದಾಗ, ಯಾರಾದರೂ ತಿಳಿಸಿಕೊಡದೆ ಹೇಗೆ ತಿಳಿದೀತು ಎಂದು ಆ ಅಧಿಕಾರಿ ಅವನನ್ನೇ ರಥಕ್ಕೆ ಹತ್ತಿಸಿಕೊಳ್ಳುತ್ತಾನೆ. ಹಾಗೆ ಹತ್ತಿಸಿಕೊಳ್ಳಲು ನಿಮಗೂ ಯಾರಾದರೂ ಇದ್ದರೆ, ವಾರಕ್ಕೊಮ್ಮೆ ಕುಳಿತು ಮಾತಾಡುವವರಿದ್ದರೆ, ಮೇಲೆ ಯೋಹಾನನ ಬಗ್ಗೆ ಹೇಳಿದ ಆಕ್ಷೇಪವನ್ನು ಹಿಂತೆಗೆದುಕೊಳ್ಳುತ್ತೇನೆ. ಮಾರ್ಕನ ಬದಲು ಅವನಿಂದಲೇ ತೊಡಗಿ, 16ರ ಬದಲು 21 ದಿನ ತೆಗೆದುಕೊಳ್ಳಿ.

ಸಾಹಿತ್ಯಕ್ಕಾಗಿ ಮಾತ್ರ ಓದುವವರು ಮಾರ್ಕ ಮತ್ತು ಆದಿಕಾಂಡದ ಬಳಿಕ ಈ ದಾರಿಯನ್ನು ಬಿಟ್ಟು ಸಮುವೇಲನ ಎರಡು ಪುಸ್ತಕಗಳಿಗೆ, ಯೋಬನಿಗೆ, ಪ್ರಸಂಗಿಗೆ ಹೋಗಬಹುದು. ಅರಸನಾಗಿಯೂ ತಂದೆಯಾಗಿಯೂ ಸೋಲುವ ದಾವೀದನ ಕಥನ ಸಮುವೇಲನ ಎರಡನೆಯ ಪುಸ್ತಕದಲ್ಲಿದೆ, ಮತ್ತು ಬೈಬಲಿನ ಗದ್ಯದಲ್ಲಿ ಅದಕ್ಕೆ ಸಾಟಿಯಾದುದು ಆದಿಕಾಂಡವೊಂದೇ ಎಂದು ನನ್ನ ಎಣಿಕೆ.

ಮಾರ್ಕನಿಂದ ಅಪೊಸ್ತಲರ ಕೃತ್ಯಗಳವರೆಗೆ 138 ದಿನಗಳಾದವು, ಕೀರ್ತನೆಗಳು 150. ಉಳಿಯುವ ಹನ್ನೆರಡು ಕೀರ್ತನೆಗಳ ದಿನಗಳಿಗೆ ನಾಲ್ಕು ನಾಲ್ಕು ಅಧ್ಯಾಯಗಳ ಮೂರು ಪುಸ್ತಕಗಳು ಸರಿಯಾಗಿ ಹೊಂದುತ್ತವೆ: ಕಥೆಗೆ ರೂತಳು, ಪ್ರವಾದಿಗಳ ಪರಿಚಯಕ್ಕೆ ಯೋನನು, ಪತ್ರಿಕೆಗಳ ರುಚಿಗೆ ಫಿಲಿಪ್ಪಿಯವರಿಗೆ ಬರೆದದ್ದು. ರೂತಳ ಕೊನೆಯ ವಚನಗಳಲ್ಲಿ ದಾವೀದನವರೆಗಿನ ಒಂದು ಪುಟ್ಟ ವಂಶಾವಳಿಯಿದೆ. ಅದನ್ನು ಓದಿದ ದಿನ ಮತ್ತಾಯನ ಮೊದಲ ಪುಟವನ್ನು ತೆರೆದು ನೋಡಿ. ಓದು ತೊಡಗುವ ಮುನ್ನ ಬರೀ ಹೆಸರುಗಳ ಸಾಲಾಗಿ ಕಾಣುತ್ತಿದ್ದುದರಲ್ಲಿ ಯಾರ್ಯಾರು ಪರಿಚಿತರು ಎಂದು ಎಣಿಸಿಕೊಳ್ಳಬಹುದು, ಮುಂದಿನ ಪುಸ್ತಕ ಯಾವುದೆಂಬುದೂ ಅಲ್ಲಿಯೇ ತೀರ್ಮಾನವಾಗುತ್ತದೆ.